ಅಕ್ಕ ತಮ್ಮನ ಬಾಣಂತನ

ಗಂಡಸರಲ್ಲಿ ಬಾಣಂತನ ಮಾಡಿಸಿಕೊಂಡವರು ಎಷ್ಟು ಮಂದಿ ಇದ್ದಾರೋ ನನಗೆ ತಿಳಿಯದು. ನಾನಂತೂ ಒಬ್ಬ. ಹೋದ ವಾರ ಯಳಂದೂರಿನಲ್ಲಿ ನಮ್ಮ ಶಾಲೆಯ ಗಣಿತದ ಮೇಡಂ ಮನೆಗೆ ಮಗು ನೋಡಲು ಹೋಗಿದ್ದೆವು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಬೆಳ್ಳುಳ್ಳಿ ಸಿಪ್ಪೆ, ಓಮ, ಸಾಂಬ್ರಾಣಿ ಎಲ್ಲ ಸೇರಿದ ಹೊಗೆ ಬಂತು. ಜೊತೆಗಿದ್ದ ಮೇಷ್ಟ್ರುಗಳು ಕರವಸ್ತ್ರ ತೆಗೆದರು. ನನ್ನ ಕೈ ಮಾತ್ರ ತಾನಾಗಿಯೇ ಬಲ ಪಕ್ಕೆಯ ಕೆಳಕ್ಕೆ ಹೋಯಿತು. ಅಲ್ಲಿ ಈಗ ಒಂದು ಸಣ್ಣ ಕಲೆ ಬಿಟ್ಟರೆ ಏನೂ ಇಲ್ಲ. ಒಂದು ಬೇಸಿಗೆ ಪೂರ್ತಿ ಅದೇ ಜಾಗದಿಂದ ಸಪೂರ ಕೊಳವೆಯೊಂದು ಹೊರಗೆ ಬಂದು, ಸೊಂಟದ ಹತ್ತಿರ ನೇತಾಡುತ್ತಿದ್ದ ಚೀಲಕ್ಕೆ ಹನಿ ಹನಿಯಾಗಿ ಪಿತ್ತ ಇಳಿಸುತ್ತಿತ್ತು.

ನಾನು ಡ್ರಾಯಿಂಗ್ ಮೇಷ್ಟ್ರು. ಮನೆ ಕೊಳ್ಳೇಗಾಲದಲ್ಲಿ, ಕೆಲಸ ಯಳಂದೂರಿನಲ್ಲಿ. ಮಕ್ಕಳಿಗೆ ಬಣ್ಣ ಹೇಳಿಕೊಡುವವನಿಗೆ ತನ್ನ ಕಣ್ಣಿನ ಬಣ್ಣ ಬದಲಾದದ್ದು ಗೊತ್ತಾಗಲಿಲ್ಲ. ದಿನವೂ ಹೋಗುವ ಬಸ್ಸಿನ ಕಂಡಕ್ಟರ್, 'ಯಾಕ್ ಸಾ, ಕಣ್ಣು ಅರಿಸಿನ ಆಗದೆ' ಎಂದು ಕೇಳಬೇಕಾಯಿತು. ಹನೂರಿನ ಕಡೆ ಕಾಮಾಲೆಗೆ ಕೊಡುವ ಸೊಪ್ಪಿನ ರಸ ಕುಡಿದೆ. ಎಣ್ಣೆ ಬಿಟ್ಟೆ, ಕಾರ ಬಿಟ್ಟೆ. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು ಲಿವರ್ ಒಣಗಿ ಗಂಟು ಗಂಟಾಗಿದೆ, ಮೈಯ ಕಾವಲಿನ ಶಕ್ತಿಯೇ ತನ್ನ ಮೈಯನ್ನು ತಿನ್ನುವ ಕಾಯಿಲೆ ಇದು, ಬದಲಾಯಿಸದೆ ಬೇರೆ ದಾರಿ ಇಲ್ಲ ಎಂದರು. ಊರಿನವರಿಗೆ ಇಷ್ಟುದ್ದದ ಕಾಯಿಲೆ ಬೇಕಾಗಿರಲಿಲ್ಲ. 'ಮೇಷ್ಟ್ರು ಒಳ್ಗೊಳ್ಗೇ ತಕತಿದ್ರಂತೆ' ಎಂದು ತೀರ್ಮಾನಿಸಿದರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನಿಗಾದರೂ ಮಜ್ಜಿಗೆ ಸಿಕ್ಕಿತ್ತು. ನಾನು ಮರದ ಹತ್ತಿರಕ್ಕೂ ಹೋಗದೆ ಕುಡುಕನೆಂಬ ಹೆಸರು ತೆಗೆದುಕೊಂಡೆ. ಅದರ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಜೀವಂತ ಇರುವವರ ಲಿವರಿನಲ್ಲಿ ಒಂದು ಭಾಗ ಕತ್ತರಿಸಿ ಕೂಡಿಸಬಹುದು, ಎರಡೂ ಕಡೆ ಅದು ಬೆಳೆಯುತ್ತದೆ ಎಂದು ಹೇಳಿದಾಗ ನನ್ನ ಹೆಂಡತಿ ಸವಿತ ಮೊದಲು ಮುಂದೆ ಬಂದಳು. ಅವಳ ರಕ್ತದ ಗುಂಪು ಹೊಂದಲಿಲ್ಲ. ಬಂಡಳ್ಳಿಗೆ ಕೊಟ್ಟಿದ್ದ ನನ್ನ ಅಕ್ಕ ಜಯಮ್ಮನದು ಹೊಂದಿತು. ಅಕ್ಕ ರೇಷ್ಮೆ ಹುಳ ಸಾಕುವವಳು. 'ಇಪ್ನೇರ್ಳೆ ಗಿಡ ಕುಯ್ದ್ರೆ ಚಿಗುರಾಕಿಲ್ವ? ಅಂಗೇ ತಾನೆ? ಕುಯ್ಕಳ್ಲಿ ಬುಡು' ಎಂದಳು. ಬಾವನ ಒಪ್ಪಿಗೆಯೂ ಬೇಕೆಂದು ಆಸ್ಪತ್ರೆಯವರು ಕರೆದು ಕೂರಿಸಿ ಕೇಳಿದರು. ಬಾವ ಟವೆಲಿನಿಂದ ಮುಖ ಒರೆಸಿಕೊಂಡು, 'ಅವ್ಳು ಕೊಡ್ತೀನಿ ಅಂದ್ಮೇಲೆ ನಾನು ಬ್ಯಾಡ ಅಂದ್ರೆ ನಮ್ಮನೇಲಿ ಇಟ್ಟು ಬೇಯಾಕಿಲ್ಲ ಸಾ' ಎಂದ. ಆಮೇಲೆ ಹೊರಗೆ ಬಂದು ಕಂಬಕ್ಕೆ ಒರಗಿ ಬಹಳ ಹೊತ್ತು ನಿಂತಿದ್ದನಂತೆ. ಅದನ್ನು ಸವಿತ ನನಗೆ ಹೇಳಿದಳು.

ಶಿವರಾತ್ರಿ ಹತ್ತಿರವಿದ್ದಾಗ ಆಪರೇಷನ್ ಆಯಿತು. ನನಗೆ ಸರಿಯಾಗಿ ಎಚ್ಚರ ಬಂದ ಮೇಲೆ ಡಾಕ್ಟರು ನನ್ನನ್ನೂ ಸವಿತಳನ್ನೂ ಕೂರಿಸಿಕೊಂಡು ಒಂದು ಚಿತ್ರ ಬರೆದರು. ಕೊಂಬೆಗಳು ಮೇಲೆ, ಬುಡ ಕೆಳಗೆ ಇರುವ ಮರ. ಪಾಪ, ಕೈ ಚೆನ್ನಾಗಿಲ್ಲ, ನಮ್ಮ ಎಂಟನೇ ತರಗತಿಯಲ್ಲಾದರೆ ಪಾಸು ಮಾಡುತ್ತಿರಲಿಲ್ಲ. ಆದರೆ ಹೇಳಿದ್ದು ಮಾತ್ರ ಮನಸ್ಸಿನಲ್ಲಿ ಕೂತಿತು. ಲಿವರಿನೊಳಗೆ ಹುಟ್ಟುವ ಪಿತ್ತ ಸಣ್ಣ ಸಣ್ಣ ಕವಲುಗಳಲ್ಲಿ ಇಳಿದು, ಒಂದು ನಾಳವಾಗಿ ಕರುಳಿಗೆ ಸೇರುತ್ತದೆ. ಅಕ್ಕನಿಂದ ತೆಗೆದ ತುಂಡಿನಲ್ಲಿ ಎರಡು ಬಾಯಿಗಳಿದ್ದವು. ನನ್ನ ನಾಳ ಒಂದೇ, ಅದೂ ತೀರ ಸಣ್ಣದು. ಎರಡನ್ನೂ ಅದಕ್ಕೆ ಹೊಲಿದಿದ್ದರು.

'ಈ ಆಪರೇಷನ್ನಿನಲ್ಲಿ ರಕ್ತನಾಳಕ್ಕಿಂತ ನಾನು ಹೆದರೋದು ಈ ಹೊಲಿಗೆಗೆ' ಎಂದರು ಡಾಕ್ಟರು. 'ಇಲ್ಲಿ ಸೋರಬಹುದು, ಇಲ್ಲವೇ ಮುಚ್ಚಿಕೊಳ್ಳಬಹುದು. ಕೆಲವರು ಇಲ್ಲಿ ಕೊಳವೆಯನ್ನೇ ಹಾಕೋದಿಲ್ಲ. ಕೆಲವರು ಒಳಗೇ ಬಿಟ್ಟು, ಆಮೇಲೆ ಬಾಯಿಂದ ಟ್ಯೂಬ್ ಇಳಿಸಿ ತೆಗೀತಾರೆ. ನಿಮ್ಮದು ಸಣ್ಣ ನಾಳ, ಅದಕ್ಕೆ ನಾನು ಹೊಲಿಗೆಯ ಮೂಲಕ ಕೊಳವೆ ಹಾಯಿಸಿ ಹೊರಕ್ಕೆ ತಂದಿದ್ದೀನಿ. ಹೊಲಿಗೆ ಕೂಡಿಕೊಳ್ಳೋವರೆಗೂ ಪಿತ್ತ ಅದರ ಮೇಲೆ ಒತ್ತಬಾರದು. ಒತ್ತಡ ಏನಿದ್ದರೂ ಈ ದಾರಿಯಲ್ಲಿ ಹೋಗಲಿ. ಮೂರು ತಿಂಗಳು ಕಾಪಾಡಿಕೊಳ್ಳಿ.' ಎದ್ದು ಹೋಗುವ ಮುಂಚೆ ಇನ್ನೊಂದು ಮಾತು ಸೇರಿಸಿದರು. 'ಇದು ಕೆಟ್ಟರೆ ಮತ್ತೆ ಕೊಡೋಕೆ ನಿಮ್ಮಕ್ಕನ ಹತ್ತಿರ ಇನ್ನೊಂದಿಲ್ಲ.'

ಕೊಳವೆ ಬಾಲ್ ಪೆನ್ನಿನ ರೀಫಿಲ್ಲಿನಷ್ಟು ಸಪೂರ. ಮೂವತ್ತು ಮಾರ್ಕಿನ ಕೈಯಿಂದ ಬರೆದ ಆ ಮರದ ಬುಡದಲ್ಲಿ ನನ್ನ ಜೀವವೂ ಅಕ್ಕ ಕೊಟ್ಟದ್ದೂ ಆ ರೀಫಿಲ್ಲಿಗೆ ಜೋತುಬಿದ್ದಿದ್ದವು. ನಾನು ಸತ್ತರೆ ನಾನು ಸತ್ತೆ. ಆದರೆ ಅಕ್ಕ ಹೊಟ್ಟೆ ಕುಯ್ಯಿಸಿಕೊಂಡದ್ದು ದಂಡವಾಗಬಾರದು ಎಂಬ ಯೋಚನೆಯೇ ನನ್ನನ್ನು ಹೆಚ್ಚು ಕಾಡುತ್ತಿತ್ತು.

ಡಾಕ್ಟರು ಇದನ್ನೆಲ್ಲ ಹೇಳುತ್ತಿದ್ದಾಗ ಅವ್ವ ಹೊರಗೆ ಕಾರಿಡಾರಿನ ಕುರ್ಚಿಯಲ್ಲಿ ಕಾಲು ಮಡಿಸಿಕೊಂಡು ಕೂತಿದ್ದಳು. ಒಳಗೆ ಒಬ್ಬರಿಗೆ ಮಾತ್ರ ಜಾಗ ಎಂದಿದ್ದರು. ಸವಿತ ಹೊರಗೆ ಬಂದು, 'ಎಲ್ಲಾ ಚೆನ್ನಾಗಿ ಅದಂತೆ ಅತ್ತೆ' ಎಂದಳು. ಅಷ್ಟೇ ಅವ್ವನಿಗೆ ತಲುಪಿದ್ದು.

ಯುಗಾದಿಗೆ ಮುಂಚೆ ಇಬ್ಬರನ್ನೂ ಕೊಳ್ಳೇಗಾಲದ ಮನೆಗೆ ಕಳಿಸಿದರು. ಅಕ್ಕ ಭಾರ ಎತ್ತುವಂತಿಲ್ಲ, ಬಂಡಳ್ಳಿಗೆ ಹೋದರೆ ಹುಳದ ತಟ್ಟೆ ಎತ್ತದೆ ಬಿಡುವವಳಲ್ಲ. ಹಾಗಾಗಿ ಮೂರು ತಿಂಗಳು ತವರಿನಲ್ಲೇ ಇರಲಿ ಎಂದು ಅವ್ವ ಬಾವನಿಗೆ ಹೇಳಿಬಿಟ್ಟಳು. ಹೊಟ್ಟೆ ಕುಯ್ಯಿಸಿಕೊಂಡು ತವರಿಗೆ ಬಂದ ಮಗಳು. ಅವ್ವನಿಗೆ ಅದಕ್ಕೆ ಗೊತ್ತಿದ್ದ ಹೆಸರು ಒಂದೇ, ಬಾಣಂತನ. ನಮ್ಮ ಬೀದಿಯಲ್ಲಿ ಅವ್ವನ ಕೈಯಲ್ಲಿ ಎಣ್ಣೆನೀರು ಹಾಕಿಸಿಕೊಳ್ಳದ ಬಾಣಂತಿ ಕಡಿಮೆ. ಅಕ್ಕನ ಕೋಣೆಯ ಕಿಟಕಿ ಮುಚ್ಚಿತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊತ್ತು ಹೊತ್ತಿಗೆ ಮೆಣಸಿನ ಸಾರು, ಸಂಜೆ ಓಮದ ಹೊಗೆ. ಹೊರಗೆ ಕೊಳ್ಳೇಗಾಲದ ಬಿಸಿಲು ಟಾರು ಕರಗಿಸುತ್ತಿದ್ದರೆ ಒಳಗೆ ಅಕ್ಕ ಬೆವರಿನಲ್ಲಿ ತೊಯ್ದು, 'ಇದ್ಕಿಂತ ಆಪರೇಸನ್ನೇ ವಾಸಿ ಕಣ್ಲಾ' ಎಂದು ಗೋಡೆಯಾಚೆಯಿಂದ ನನಗೆ ಕೂಗಿ ಹೇಳುತ್ತಿದ್ದಳು.

ನನ್ನ ಕೋಣೆಯಲ್ಲಿ ಸವಿತಳ ಕಾಯಿದೆ. ಹೊಗೆ ಕೂಡದು, ನೆಂಟರು ಕೂಡದು, ಕುದಿಸಿದ ನೀರು, ಗಡಿಯಾರ ನೋಡಿ ಮಾತ್ರೆ. ಬೆಳಿಗ್ಗೆ ಅವಳು ಚೀಲದ ಪಿತ್ತವನ್ನು ಅಳತೆ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದು ನೋಡುವಳು. ಒಳ್ಳೆಯ ಪಿತ್ತಕ್ಕೆ ಹೊಂಗೆ ಜೇನಿನ ಬಣ್ಣ, ಒಳಗೆ ಸ್ವಲ್ಪ ಹಸಿರು. ಇಷ್ಟು ವರ್ಷ ಬಣ್ಣ ಕಲಸಿದ್ದೇನೆ, ಆ ಬಣ್ಣ ನನಗೆ ಒಂದು ಸಲವೂ ಬಂದಿಲ್ಲ. ಯುಗಾದಿಯ ದಿನ ಬೇವು ಬೆಲ್ಲ ಕೊಡಲು ಬಂದ ಅವ್ವನಿಗೆ, 'ಬೆಲ್ಲ ಕೊಡು ಸಾಕು, ಕಹಿ ಚೀಲದಲ್ಲೇ ಬೇಕಾದಷ್ಟು ಅದೆ' ಎಂದೆ. ಅವಳು ನಗಲಿಲ್ಲ. ಚೀಲವನ್ನೇ ನೋಡುತ್ತಿದ್ದಳು.

ಅವ್ವನ ಲೆಕ್ಕದಲ್ಲಿ ಪಿತ್ತ ಎಂದರೆ ಕೆಟ್ಟದ್ದು. ತಲೆ ಸುತ್ತಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ, ಮಗ ರೇಗಿದರೆ ಪಿತ್ತ ನೆತ್ತಿಗೇರಿದೆ. ಅದು ನಿಂತು ಹೋದ ದಿನ ಮಗ ಗುಣವಾದ ಎಂದು ಅವಳು ಕಾಯುತ್ತಿದ್ದಳು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಸಂಗತಿಯೂ ಅವಳನ್ನು ಕೊರೆಯುತ್ತಿತ್ತು. ಆಸ್ಪತ್ರೆಯವರು ಅಕ್ಕನಿಗೆ ಗಾಯಕ್ಕೆ ಆಸರೆಯಾಗಿರಲೆಂದು ಹೊಟ್ಟೆಗೆ ಅಗಲವಾದ ಬೆಲ್ಟು ಕೊಟ್ಟಿದ್ದರು. ನನಗೆ ಕೊಟ್ಟಿರಲಿಲ್ಲ. ಬಾಣಂತಿಗೆ ಹೊಟ್ಟೆ ಬಿಗಿಯಾಗಿ ಕಟ್ಟದಿದ್ದರೆ ಒಳಗೆ ಗಾಳಿ ಸೇರುತ್ತದೆ, ಹೊಟ್ಟೆ ಜೋಲುತ್ತದೆ ಎಂಬುದು ಅವ್ವನಿಗೆ ಸೂರ್ಯ ಮೂಡಿದಷ್ಟು ಸತ್ಯ. ಮಗಳಿಗೆ ಕಟ್ಟಿದವರು ಮಗನಿಗೆ ಏಕೆ ಕಟ್ಟಲಿಲ್ಲ? ಮರೆತರು. ಇಷ್ಟೇ.

ಸವಿತಳ ರಜೆ ಮುಗಿದು ಸಹಕಾರ ಬ್ಯಾಂಕಿನ ಕೆಲಸಕ್ಕೆ ಹೋದ ಮೊದಲ ದಿನ ಅವ್ವ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಉದ್ದಕ್ಕೆ ಮಡಿಸಿಕೊಂಡು ಬಂದಳು.

'ಎದ್ದು ನಿಂತ್ಕ ಮಗ, ಒಟ್ಟೆ ಕಟ್ತೀನಿ.'

'ನನಗ್ಯಾಕವ್ವ? ನಾನೇನು ಹೆತ್ತಿದ್ದೀನಾ?'

'ಎತ್ತೋಳ್ಗಿಂತ ಜಾಸ್ತಿ ಕುಯ್ದವ್ರಲ್ಲ ನಿಂಗೆ. ನಿಮ್ಮಕ್ಕಂಗೆ ಆಸ್ಪತ್ರೆಯೋರೇ ಕಟ್ಟಿಲ್ವ? ಸುಮ್ನೆ ನಿಂತ್ಕ.'

ಅಕ್ಕ ಬಾಗಿಲಲ್ಲಿ ನಿಂತು ತನ್ನ ಬೆಲ್ಟು ತಟ್ಟಿಕೊಂಡು, 'ಕಟ್ಟಿಸ್ಕಳ್ಳೋ ಬಾಣ್ತಿ' ಎಂದು ನಕ್ಕಳು. ಕಟ್ಟಿದ ಮೇಲೆ ನಿಜಕ್ಕೂ ಹಾಯೆನಿಸಿತು. ಕೆಮ್ಮಿದರೆ ಗಾಯ ಎಳೆಯಲಿಲ್ಲ. ಅವ್ವನ ಕೈಯ ಬಿಗಿಯಲ್ಲಿ ಒಂದು ನೆಮ್ಮದಿಯಿತ್ತು, ನಾನು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ. ಸಂಜೆ ಬಂದ ಸವಿತ ಹುಬ್ಬು ಗಂಟಿಕ್ಕಿದಳು, ಆದರೆ ಅಕ್ಕನಿಗೂ ಇದೆಯಲ್ಲ ಎಂದು ಅವಳೂ ಸುಮ್ಮನಾದಳು. ನಾಲ್ವರ ಬುದ್ಧಿಯೂ ಒಂದೇ ಕಡೆ ಮುಗ್ಗರಿಸಿತು.

ಮಾರನೆಯ ಬೆಳಿಗ್ಗೆ ಚೀಲದಲ್ಲಿ ಪಿತ್ತ ತಳ ಮುಚ್ಚುವಷ್ಟಿತ್ತು. ಅದರ ಮರುದಿನ ಅದೂ ಇಲ್ಲ. ಅವ್ವನ ಮುಖ ಅರಳಿತು. 'ಇಂಗೋಯ್ತು ಕಣವ್ವ! ಪಿತ್ತ ಇಂಗೋಯ್ತು!' ಎಂದು ಅಕ್ಕನಿಗೆ ಹೇಳಿ ದೇವರ ಮುಂದೆ ಗಂಧದಕಡ್ಡಿ ಹಚ್ಚಿದಳು. ಸವಿತ ಮಾತ್ರ ಖಾಲಿ ಲೋಟ ಹಿಡಿದುಕೊಂಡು ನಿಂತಿದ್ದಳು. ಅವಳು ಆಸ್ಪತ್ರೆಗೆ ಫೋನು ಮಾಡಲು ಎದ್ದಾಗಲೇ ನನಗೆ ನಡುಕ ಶುರುವಾಯಿತು. ಆ ಬಿಸಿಲಿನಲ್ಲಿ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. ಕಣ್ಣಿಗೆ ಮತ್ತೆ ಅರಿಸಿನ ಬಂದಿತ್ತು.

ಫೋನಿನಲ್ಲಿ ಆಸ್ಪತ್ರೆಯ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆ, 'ಕೊಳವೆ ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ.' ಸವಿತ ಸೀರೆಯ ಗಂಟು ಬಿಚ್ಚಿದಳು. ಕೊಳವೆ ಹೊಟ್ಟೆಗೆ ಅಂಟಿಕೊಂಡು, ಮೈಯಿಂದ ಹೊರಗೆ ಬರುವ ಕಡೆಯೇ ಮಡಚಿ ಹೋಗಿತ್ತು. ನೇರ ಮಾಡಿದರೂ ಒಂದು ಹನಿ ಇಳಿಯಲಿಲ್ಲ. ಒಳಗೆ ಗಷ್ಟು ಕಟ್ಟಿ ಮುಚ್ಚಿಕೊಂಡಿತ್ತು. 'ತಕ್ಷಣ ಹೊರಡಿ' ಎಂದರು.

ಸೀರೆ ನೆಲದ ಮೇಲೆ ಬಿದ್ದಿತ್ತು. ಅವ್ವ ಅದನ್ನೂ ನನ್ನನ್ನೂ ನೋಡಿದಳು. ಕಾರು ಬಂದಾಗ ಯಾರೂ ಕರೆಯದೆಯೇ ಹತ್ತಿ ಕೂತಳು. ಅಕ್ಕನೂ ಹತ್ತಿದಳು. 'ನೀನು ಬೇಡ, ಗಾಯ ಹಸಿ' ಎಂದು ಸವಿತ ಹೇಳಿದರೆ, 'ಒಳ್ಗಿರೋದು ನಂದು ಕಣವ್ವ, ನಾನೇ ಬರ್ಬ್ಯಾಡ್ವ?' ಎಂದಳು. ಸತ್ತೇಗಾಲದ ಹತ್ತಿರ ಹೊಳೆ ದಾಟುವಾಗ ಕಿಟಕಿಯಿಂದ ತಣ್ಣನೆ ಗಾಳಿ ಬಂತು. ಕಾವೇರಿಯಲ್ಲಿ ನೀರು ಕಡಿಮೆಯಿತ್ತು, ಬಂಡೆಗಳೆಲ್ಲ ಎದ್ದು ಕಾಣುತ್ತಿದ್ದವು. ಅವ್ವ ನನ್ನ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು, ಹೊಟ್ಟೆಯ ಕಡೆ ಕೈ ತರಲಿಲ್ಲ. ನನಗೆ ಸಾಯುವ ಭಯ ಆಗ ನಿಜವಾಗಿ ಬಂತು. ಆಪರೇಷನ್ನಿನ ದಿನವೂ ಅಷ್ಟು ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೊಳವೆಯೊಳಕ್ಕೆ ಸಣ್ಣ ಸಿರಿಂಜಿನಿಂದ ಉಪ್ಪುನೀರು ಬಿಟ್ಟರು. ಮೊದಲ ಸಲ ಹೋಗಲಿಲ್ಲ. ನಿಧಾನವಾಗಿ ಮತ್ತೆ ಬಿಟ್ಟರು. ಕಪ್ಪಗಿನ ಗಷ್ಟು ಸ್ವಲ್ಪ ಬಂತು, ಅದರ ಹಿಂದೆಯೇ ಪಿತ್ತ ನುಗ್ಗಿತು. ಆಮೇಲೆ ಕೊಳವೆಯ ಮೂಲಕ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದರು. ಪರದೆಯ ಮೇಲೆ ಅದೇ ಮರ ಮೂಡಿತು, ಈ ಸಲ ಒಳ್ಳೆಯ ಕೈ ಬರೆದಂತೆ. 'ಹೊಲಿಗೆ ಬಿಟ್ಟಿಲ್ಲ. ಊದಿಕೊಂಡಿದೆ. ಇನ್ನೊಂದು ದಿನ ಬಿಟ್ಟಿದ್ದರೆ ಏನಾಗ್ತಿತ್ತೋ ಹೇಳೋಕಾಗ್ತಿರಲಿಲ್ಲ' ಎಂದರು. ಕೈಗವಸು ಕಳಚಿ ನಮ್ಮೆಲ್ಲರ ಕಡೆ ತಿರುಗಿದರು. ಸಿಟ್ಟಿಗೆ ಅವರ ಕಿವಿ ಕೆಂಪಾಗಿತ್ತು.

'ಯಾರು ಕಟ್ಟಿದ್ದು?'

'ನಾನೇ ಸಾ' ಎಂದಳು ಅಕ್ಕ.

ನಾನು ಮಂಚದ ಮೇಲಿಂದ ತಲೆ ಎತ್ತಿದೆ. ಸವಿತ ಅಕ್ಕನ ಮುಖ ನೋಡಿದಳು. ಅಕ್ಕ ಯಾರ ಕಡೆಯೂ ನೋಡದೆ ನೆಲ ನೋಡುತ್ತಿದ್ದಳು.

'ಕೊಟ್ಟವರೇ ಹೀಗೆ ಮಾಡಿದ್ರೆ ಹೇಗಮ್ಮ?' ಎಂದು ಡಾಕ್ಟರು ಶುರು ಮಾಡಿದರು. ಅಷ್ಟರಲ್ಲಿ ಅವ್ವ ಮುಂದೆ ಬಂದಳು.

'ಸುಳ್ಳೇಳ್ತಾಳೆ ಸಾ ಅವ್ಳು. ಕಟ್ಟಿದ್ದು ನಾನು. ಬಯ್ಯೋದಾದ್ರೆ ನನ್ನ ಬಯ್ಯಿ. ಅವ್ಳ ಒಟ್ಟೆ ನೀವೇ ಕಟ್ಟಿದ್ರಿ, ಇವನ್ದು ಕಟ್ಲಿಲ್ಲ. ಯಾಕೆ ಕಟ್ಲಿಲ್ಲ ಅಂತ ನಂಗೆ ಒಬ್ರೂ ಏಳ್ಲಿಲ್ವಲ್ಲ ಸಾ. ಎತ್ತೋಳು ನಾನು. ಹೊರ್ಗಡೆ ಕುರ್ಚಿ ಮೇಲೆ ಕುಂತಿದ್ದೆ.'

ಅವಳ ದನಿಯಲ್ಲಿ ಜಗಳವಿರಲಿಲ್ಲ. ಡಾಕ್ಟರು ಒಂದು ಸ್ಟೂಲು ಎಳೆದು ಅವ್ವನನ್ನು ಕೂರಿಸಿದರು. ತಾವು ಮಂಚದ ಅಂಚಿನಲ್ಲಿ ಕೂತರು. ನಮಗೆ ಹೇಳಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಅವಳಿಗೆ ಹೇಳಿದರು. ಅವ್ವ ಎಲ್ಲ ಕೇಳಿಕೊಂಡು, ಚೀಲದಲ್ಲಿ ಆಗಲೇ ತುಂಬುತ್ತಿದ್ದ ಪಿತ್ತದ ಕಡೆ ಬೆರಳು ತೋರಿಸಿದಳು.

'ಅಂಗಾರೆ ಇದು ಕೆಟ್ಟದ್ದಲ್ವ ಸಾ?'

'ಕೆಟ್ಟದ್ದಲ್ಲಮ್ಮ. ಇದು ಬಂದರೇನೇ ಹೊಸ ಲಿವರ್ ಕೆಲಸ ಮಾಡ್ತಿದೆ ಅಂತ.'

'ಅಂದ್ರೆ ಇವ್ಳದು ಇವ್ನೊಳ್ಗೆ ಜೀವ್ವಾಗಿ ಅದೆ ಅಂತ ಏಳೋದು ಇದೇಯ?'

'ಇದೇ' ಎಂದರು ಡಾಕ್ಟರು.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಜನರ ಮುಂದೆ ಅತ್ತವಳಲ್ಲ. ಅಕ್ಕ ಅವಳ ಬೆನ್ನು ಸವರುತ್ತಾ, 'ಓಗ್ಲಿ ಬುಡವ್ವ, ಬಂತಲ್ಲ, ಬಂತಲ್ಲ' ಎನ್ನುತ್ತಿದ್ದಳು.

ಮನೆಗೆ ಬಂದ ಮೇಲೆ ಚೀಲದ ಯಜಮಾನಿಕೆ ಅವ್ವನದಾಯಿತು. ಕೊಳವೆ ಎಲ್ಲಿ ತಿರುಗಿದೆ, ನಾನು ಯಾವ ಮಗ್ಗುಲಿಗೆ ಮಲಗಿದೆ, ಪಿತ್ತ ನಿನ್ನೆಗಿಂತ ಗಟ್ಟಿಯೋ ತೆಳುವೋ ಎಂದು ಅವಳು ಸವಿತಳಿಗೆ ವರದಿ ಒಪ್ಪಿಸುವಳು. ಅತ್ತೆ ಸೊಸೆ ಜಗಳವಿಲ್ಲದೆ ಒಂದೇ ವಿಷಯ ಮಾತಾಡಿದ್ದನ್ನು ನಾನು ಮೊದಲ ಸಲ ಕಂಡೆ. ಓಮದ ಹೊಗೆ ನಿಂತಿತು, ಅಕ್ಕನ ಕೋಣೆಯ ಕಿಟಕಿ ತೆರೆಯಿತು. ಬಾಣಂತಿ ಊಟ ಮಾತ್ರ ಇಬ್ಬರಿಗೂ ಮುಂದುವರಿಯಿತು. ಅದಕ್ಕೆ ಡಾಕ್ಟರೂ ಬೇಡ ಎನ್ನಲಿಲ್ಲ.

ಭರಣಿ ಮಳೆ ಬೀಳುವ ಹೊತ್ತಿಗೆ ಕೊನೆಯ ಪರೀಕ್ಷೆ ಬಂತು. ಕೊಳವೆಗೆ ಕ್ಲಿಪ್ಪು ಹಾಕಿ ಮುಚ್ಚಬೇಕು. ಪಿತ್ತಕ್ಕೆ ಹೊರದಾರಿ ಇಲ್ಲ, ಹೊಲಿಗೆಯ ಒಳದಾರಿಯಲ್ಲೇ ಕರುಳಿಗೆ ಇಳಿಯಬೇಕು. ಇಳಿಯದಿದ್ದರೆ ಮತ್ತೆ ಜ್ವರ, ಮತ್ತೆ ಕಣ್ಣಿಗೆ ಅರಿಸಿನ. ಆ ದಿನಗಳಲ್ಲಿ ಅವ್ವ ಬೆಳಗಾದರೆ ನನ್ನನ್ನು ಜಗಲಿಗೆ ಕರೆದು, ಬಿಸಿಲಿಗೆ ಮುಖ ಮಾಡಿಸಿ, ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡುವಳು. 'ಬೆಳ್ಗದೆ' ಎನ್ನುವಳು. ಮಧ್ಯಾಹ್ನ ಮತ್ತೊಮ್ಮೆ. ಬಂಡಳ್ಳಿಯಿಂದ ಬಾವ ಫೋನು ಮಾಡಿ, ಹದವಾದ ಮಳೆ, ಹೊಲ ಉತ್ತಾಯಿತು ಎಂದು ಅಕ್ಕನಿಗೆ ಹೇಳುತ್ತಿದ್ದ. ಅಕ್ಕ, 'ಇವ್ನ ಕಣ್ಣು ಬೆಳ್ಗೇ ನಿಲ್ಲಾಗಂಟ ನಾನು ಕಾಲು ತೆಗ್ಯಾಕಿಲ್ಲ' ಎಂದು ಉತ್ತರ ಕೊಡುತ್ತಿದ್ದಳು.

ಕಣ್ಣು ಬೆಳ್ಳಗೇ ಉಳಿಯಿತು. ಬೆಂಗಳೂರಿಗೆ ಹೋದೆವು. ಕೊಳವೆ ತೆಗೆಯಲು ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅದೇ ದಿನ ಅಕ್ಕನನ್ನೂ ಸ್ಕ್ಯಾನ್ ಮಾಡಿ, ಅವಳದು ಚೆನ್ನಾಗಿ ಬೆಳೆದು ತುಂಬಿಕೊಂಡಿದೆ, ನನ್ನೊಳಗಿನದೂ ಬೆಳೆಯುತ್ತಿದೆ ಎಂದರು. ಈ ಸಲ ಅವ್ವ ಒಳಗೇ ಇದ್ದಳು. ಸ್ಟೂಲು ಕೊಟ್ಟಿದ್ದರು.

ಅಕ್ಕ ಬಂಡಳ್ಳಿಗೆ ಹೊರಟದ್ದು ಅದೇ ವಾರ, ಮೋಡ ಕವಿದಿದ್ದ ಒಂದು ಬೆಳಿಗ್ಗೆ. ಬಾವ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದ. ಬಾಣಂತನ ಮುಗಿಸಿ ಹೋಗುವ ಮಗಳಿಗೆ ಮಾಡುವಂತೆ ಅವ್ವ ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಹೊಸ ಸೀರೆ ಉಡಿಸಿದಳು, ಬಳೆ ತೊಡಿಸಿದಳು. ಸೆರಗು ಒಡ್ಡಿಸಿ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಒಂದೊಂದಾಗಿ ಮಡಿಲಿಗೆ ಹಾಕುತ್ತಿದ್ದಳು. ಸವಿತ ತಟ್ಟೆ ಹಿಡಿದಿದ್ದಳು, ನಾನು ಕಂಬದ ಹತ್ತಿರ ನಿಂತಿದ್ದೆ. ಕೊನೆಯ ಬೊಗಸೆ ಅಕ್ಕಿ ಹಾಕುವಾಗ ಅವ್ವನ ಕೈ ನಿಂತಿತು.

'ಇದ್ಯಾವ ಬಾಣಂತನ್ವೋ ಕಾಣೆ ಕಣವ್ವ' ಎಂದಳು. 'ತವರಿಂದ ಓಗೋ ಬಾಣ್ತಿ ತೊಡೆ ಮ್ಯಾಲೆ ಒಂದು ಕೂಸಿರ್ತದೆ. ನಿನ್ನ ಬರೀ ಮಡ್ಲಕ್ಕಿಲಿ ಕಳಿಸ್ತಾ ಇದ್ದೀನಲ್ಲವ್ವ ನಾನು.'

ಅಕ್ಕ ಮಡಿಲ ಗಂಟು ಬಿಗಿ ಮಾಡಿಕೊಂಡು ಎದ್ದಳು. ನನ್ನ ಹತ್ತಿರ ಬಂದು, ಅಂಗಿಯ ಮೇಲಿಂದ ಬಲ ಪಕ್ಕೆಯ ಕೆಳಗೆ ಅಂಗೈ ಇಟ್ಟು, ಅವ್ವನ ಕಡೆ ತಿರುಗಿ ನಕ್ಕಳು.

'ಇಲ್ಲೇ ಇರ್ಲಿ ಬುಡವ್ವ. ತವರ್ನಲ್ಲೇ ಬೆಳೀಲಿ.'